ಗುರುವಾರದ ಮಾತ್ರೆ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಟ್ರ್ಯಾಮ್ ತಡ. ಸ್ಟಾಪಿನಲ್ಲಿ ನಿಂತೇ ಬರೆಯುತ್ತಿದ್ದೇನೆ. ಶೇಷಾದ್ರಿ ಆಗಲೇ ಆಸ್ಪತ್ರೆಗೆ ಹೋದರು. ಅರಿವಳಿಕೆ ಡಾಕ್ಟರರಲ್ಲಿ ಇಬ್ಬರು ರಜೆ, ಇವರೊಬ್ಬರಿಗೇ ಎರಡು ಆಪರೇಷನ್ ಥಿಯೇಟರು. ಚಹಾ ಅರ್ಧ ಬಿಟ್ಟಿದ್ದರು.

ಇಂಚರಾಳ ಮೆಸೇಜ್ — ‘ಆಲ್ ಗುಡ್ ಅಮ್ಮಾ.’ ಅಷ್ಟೇ. ಮಲಾವಿಗೆ ಹೋಗಿ ಐದು ತಿಂಗಳಾಯಿತು. ಸರೋವರದ ಕಡೆ ಯಾವುದೋ ಹಳ್ಳಿ. ಇಲ್ಲಿ ಕ್ರೋಯ್ಡನ್ನಿನ ಅವಳ ಚರ್ಚಿನವರು ನಡೆಸುವ ಕ್ಲಿನಿಕ್. ಔಷಧದ ಜೊತೆಗೆ ಬೈಬಲ್. ಕಾಲೇಜಿನಲ್ಲಿ ಆ ಚರ್ಚ್ ಸೇರಿದಾಗ, ಗೆಳತಿಯರ ಸಹವಾಸ, ಬಿಟ್ಟಾಳು ಅಂದುಕೊಂಡೆವು. ದೀಕ್ಷಾಸ್ನಾನವೂ ಆಯಿತು. ಆಮೇಲೆ ಡಾಕ್ಟರ್ ಟ್ರೇನಿಂಗ್ ನಡುವೆ ಬಿಟ್ಟು ಹೊರಟೇಬಿಟ್ಟಳು. ಅವತ್ತಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ನಾನು ಮಾತಾಡುತ್ತೇನೆ. ಏನೂ ಹೇಳುವುದಿಲ್ಲ.

ಬಂತು ಟ್ರ್ಯಾಮ್.

ಮಾರ್ಚ್ 16, ಭಾನುವಾರ

ವಿಡಿಯೋ ಕಾಲ್. ಬಿಸಿಲಿಗೆ ಕಪ್ಪಾಗಿದ್ದಾಳೆ, ಕೂದಲು ಕತ್ತರಿಸಿದ್ದಾಳೆ. ಇವರು ಪಕ್ಕದ ಕೋಣೆಯಲ್ಲಿ ಕ್ರಿಕೆಟ್ ಹಾಕಿ ಕೂತಿದ್ದರು, ಸೌಂಡ್ ಇಲ್ಲದೆ.

ಗುರುವಾರ ದೊಡ್ಡ ದಿನವಂತೆ. ಬಿಪಿ, ಸಕ್ಕರೆ, ಬಸುರಿಯರು, ಎಲ್ಲರಿಗೂ ವಾರದ ಮಾತ್ರೆ. ನಸುಕಿನಿಂದಲೇ ನಡೆದು ಬರುತ್ತಾರೆ. ಪಾಸ್ಟರ್ ಫಿರಿ ಎನ್ನುವವರು ಹಾಡು, ಪ್ರಾರ್ಥನೆ, ಬೈಬಲ್ ಪಾಠ ಮಾಡುತ್ತಾರೆ. ಪಾಠ ಕಲಿತವರು ತಮ್ಮ ಊರಿಗೆ ಹೋಗಿ ಇನ್ನೊಬ್ಬರಿಗೆ ಕಲಿಸಬೇಕು. ಶಿಷ್ಯರಿಂದ ಶಿಷ್ಯರು.

“ಪಾಠಕ್ಕ ಕುಂಡ್ರದವರಿಗೆ?” ಅಂದೆ.

“ನೋಬಡಿ ಈಸ್ ಫೋರ್ಸ್ಡ್, ಅಮ್ಮಾ.”

“ಮಾತ್ರೆ ಕೊಡೋ ಬಾಗಲಾ ಯಾವಾಗ ತೆಗೀತೀರಿ?”

“ಪಾಠ ಆದ್ಮೇಲೆ.”

ಪಾಸ್ಟರ್ ಇಲ್ಲದಿದ್ದರೆ ಆ ಕ್ಲಿನಿಕ್ಕೇ ಇರುತ್ತಿರಲಿಲ್ಲ ಅಂದಳು. ಇಟ್ಟಿಗೆ ಹೊತ್ತವರೂ ಅವರೇ. ಸರ್ಕಾರಿ ಆಸ್ಪತ್ರೆ ಬಹಳ ದೂರ. ನಿಜ ಇರಬೇಕು. ನಾನು ಹುಟ್ಟಿದ್ದೂ ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲೇ. ಬೆಳಿಗ್ಗೆ ಸಿಸ್ಟರುಗಳು ಹಾಡುತ್ತಿದ್ದರು, ಕೇಳಲು ಭಾಳ ಚಂದ ಇತ್ತು ಅನ್ನುತ್ತಿದ್ದಳು ಅವ್ವ. ಕೇಳಿದಳು, ಮಗುವನ್ನು ಎತ್ತಿಕೊಂಡು ಮನೆಗೆ ಬಂದಳು. ಯಾರೂ ಏನೂ ಅನ್ನಲಿಲ್ಲ.

ಹಾಗಾದರೆ ನನಗೆ ಯಾಕೆ ಇಷ್ಟು ಸಂಕಟ?

ಏಪ್ರಿಲ್ 24, ಗುರುವಾರ

ನನ್ನ ಕ್ಲಿನಿಕ್ ತುಂಬ ಕೆಮ್ಮಿನ ಪೇಷಂಟುಗಳು. ಊಟದ ಬಿಡುವಿನಲ್ಲಿ ಇಂಚರಾಳ ಫೋನ್, ಅವಳಾಗಿಯೇ. ಆಮಿನಾ ಅಂತ ಒಬ್ಬ ಬಸುರಿ. ಮುಸ್ಲಿಂ ಮನೆ. ಹಿಂದೆ ಎರಡು ಕೂಸು ಹೋಗಿವೆ. ಬಿಪಿ ಏರುತ್ತಿದೆ. ಬೈಬಲ್ ಪಾಠಕ್ಕೆ ನೀನು ಕೂರಕೂಡದು ಅಂದಿದ್ದಾನೆ ಗಂಡ. ಪಾಠ ಮುಗಿಯುವವರೆಗೆ ಹೊರಗೆ ಬಿಸಿಲಲ್ಲಿ ನಿಲ್ಲಲು ಅವಳಿಗೆ ನಾಚಿಕೆ. ಬರುವುದನ್ನೇ ಬಿಟ್ಟಿದ್ದಾಳೆ.

ಇವಳೇ ಸೈಕಲ್ಲಿನಲ್ಲಿ ಬಿಪಿ ಮಷೀನು, ಮಾತ್ರೆ ತೆಗೆದುಕೊಂಡು ಅವರ ಮನೆಗೆ ಹೋಗಿ ಬಂದಳಂತೆ. ಪಾಸ್ಟರಿಗೆ ಹೇಳಿಲ್ಲ.

ಖುಷಿಯಾಯಿತು. ಭಯವೂ. ಮಧ್ಯಾಹ್ನದ ಮೊದಲ ಪೇಷಂಟಿನ ಹೆಸರು ಎರಡು ಸಲ ತಪ್ಪಾಗಿ ಕರೆದೆ.

ಮೇ 11, ಭಾನುವಾರ

ಆಮಿನಾಳ ಮನೆಗೆ ಹೋದದ್ದು ಗೊತ್ತಾಗಿದೆ. ಪಾಸ್ಟರ್ ಕೂಗಾಡಲಿಲ್ಲವಂತೆ. ಅದೇ ಕಷ್ಟ ಅಂದಳು. ಒಬ್ಬರ ಮನೆಗೆ ಮಾತ್ರೆ ಹೋದರೆ ನಾಳೆ ಉಳಿದವರು ಯಾಕೆ ಬಂದು ಕೂರುತ್ತಾರೆ ಅಂತ ಕೇಳಿದರು. ಅವರಿಗೆ ಆ ಗುರುವಾರವೇ ಜೀವ. ದೇಹ ಉಳಿಸಿ ಆತ್ಮವನ್ನು ಬಿಟ್ಟುಬಿಡಲಾ, ಡಾಕ್ಟರ್ ಅಂದರಂತೆ. ಮನಸಾರೆ ಕೇಳಿದರು ಅನ್ನುತ್ತಾಳೆ.

ವಿಷಯ ಕ್ರೋಯ್ಡನ್ ಚರ್ಚಿನ ಕಮಿಟಿಗೆ ಹೋಗಿದೆ. ನಿಯಮದಂತೆ ನಡೆ, ಇಲ್ಲವೆಂದರೆ ವಾಪಸ್ ಬಾ.

“ಅಮ್ಮಾ, ಶುಡ್ ಐ ಕಮ್ ಹೋಮ್?”

ಅಕ್ಟೋಬರಿನಿಂದ ಕಾದ ಮಾತು. ಬಾ ಅನ್ನಬೇಕು, ಅಷ್ಟೇ. ನಾಲಿಗೆಯ ತುದಿಯಲ್ಲಿತ್ತು. ಬಾಗಿಲಲ್ಲಿ ಇವರು ನಿಂತಿದ್ದರು, ಕೈಯಲ್ಲಿ ಖಾಲಿ ಕಪ್ಪು.

“ಆಮಿನಾಗ ದಿನಾ ಯಾವಾಗ ತುಂಬ್ತಾವ?”

“ಎಂಡ್ ಆಫ್ ಜುಲೈ.”

“ಅಕಿ ಹಡಿಯೂತನಕ ಅಲ್ಲೇ ಇರು,” ಅಂದೆ. “ಆಮ್ಯಾಲೆ ಬೇಕಾದ್ರ ಬಾ.”

ಇವರು ಕಪ್ಪು ಸಿಂಕಿನಲ್ಲಿಟ್ಟು ಗಾರ್ಡನ್ನಿಗೆ ಹೋದರು. ನಾನು ಏನು ಮಾಡಿದೆ… ಇಡೀ ಮನೆ ಸುತ್ತಿದೆ. ಅವಳ ಕೋಣೆಯ ಹಾಸಿಗೆಯ ಚಾದರ ಬದಲಿಸಿದೆ, ಯಾಕೋ.

ಮೇ 18, ಭಾನುವಾರ

ಆ ಚರ್ಚಿಗೆ ಹೋದೆ. ಒಬ್ಬಳೇ. ಹಳೇ ಗೋದಾಮು, ಪ್ಲಾಸ್ಟಿಕ್ ಕುರ್ಚಿ, ಡ್ರಮ್ಸ್. ನೈಜೀರಿಯಾದವರು, ಕೇರಳದವರು, ಇಲ್ಲಿಯವರು. ಬಾಗಿಲಲ್ಲೇ ಒಬ್ಬ ಹೆಂಗಸು ತಬ್ಬಿಕೊಂಡು, ನೀವು ‘ನಮ್ಮ ಇಂಚರಾ’ಳ ತಾಯಿಯಲ್ಲವೇ ಅಂದಳು. ‘ನಮ್ಮ’ ಚುಚ್ಚಿತು. ಅವಳ ಹೆಸರು ಹಿಡಿದು ಪ್ರಾರ್ಥಿಸಿದರು. ಒಬ್ಬ ಮುದುಕಿ ಅತ್ತಳು. ಅದನ್ನು ಸುಳ್ಳು ಅನ್ನಲಾರೆ.

ಮುಗಿದ ಮೇಲೆ ಕಮಿಟಿಯವರ ಜೊತೆ ಕೂತೆ. ಬಿಸ್ಕತ್ತು ಕೊಟ್ಟರು. ಹೇಳಬೇಕೆಂದು ಅಂದುಕೊಂಡದ್ದು ಬಹಳ ಇತ್ತು; ಹೇಳಿದ್ದು ಒಂದೇ. ಮೊದಲು ಮಾತ್ರೆ ಕೊಡಿ, ಆಮೇಲೆ ಪಾಠ ಮಾಡಿ. ಬೇಕಾದವರು ಕೂರುತ್ತಾರೆ.

ಅವರ ಹಿರಿಯರು, ನಿವೃತ್ತ ಮೇಷ್ಟ್ರಂತೆ, ತುಂಬ ಮೃದುವಾಗಿ ಕೇಳಿದರು: “ಆಗ ಯಾರು ಕೂರುತ್ತಾರೆ, ಡಾಕ್ಟರ್?”

“ಅದು ನಿಮಗೂ ಗೊತ್ತಾಗಬೇಕಲ್ಲವೇ?” ಅಂದೆ.

ಬಿಸ್ಕತ್ತು ಹಾಗೇ ಇಟ್ಟು ಎದ್ದು ಬಸ್ಸು ಹಿಡಿದೆ.

ಮೇ 29, ಗುರುವಾರ

ನಿಯಮ ಬದಲಾಯಿತು! ಒಂದು ತಿಂಗಳ ಮಟ್ಟಿಗೆ ನೋಡೋಣ ಅಂದಿದ್ದಾರೆ ಕಮಿಟಿಯವರು. ಇವತ್ತು ಮೊದಲು ಮಾತ್ರೆ. ಆಮಿನಾ ಅತ್ತೆಯ ಜೊತೆ ಬಂದಳು. ಮಾತ್ರೆ ಸಿಕ್ಕ ಮೇಲೆ ಅರ್ಧಕ್ಕರ್ಧ ಜನ ಎದ್ದು ಹೋದರಂತೆ. ಪಾಸ್ಟರ್ ಫಿರಿ ಖಾಲಿ ಬೆಂಚುಗಳನ್ನು ನೋಡಿದರು, ಆಮೇಲೆ ಉಳಿದವರಿಗಾಗಿ ಹಾಡು ಎತ್ತಿದರು. ಅವರ ಮುಖ ನೋಡಲಾಗಲಿಲ್ಲ ಅಮ್ಮಾ ಅಂದಳು ಇಂಚರಾ. ಗೆದ್ದೆ ಅನ್ನಿಸಬೇಕಿತ್ತು ನನಗೆ.

ಜೂನ್ 14, ಶನಿವಾರ. ಮಧ್ಯಾಹ್ನ

ಈಗ ಸ್ವಲ್ಪ ಮೊದಲು. ಹಿಟ್ಟು ಕಲಸುತ್ತಿದ್ದೆ, ಫೋನ್ ಸ್ಪೀಕರಿನಲ್ಲಿ ಹಾಕಿದೆ. ಇಂಚರಾ, ಉಸಿರು ಮೇಲೆ ಕೆಳಗೆ. ಆಮಿನಾಗೆ ಬಿಪಿ ವಿಪರೀತ ಏರಿ ಜಿಲ್ಲಾಸ್ಪತ್ರೆಗೆ ಜೀಪಿನಲ್ಲಿ ಹೊರಟಿದ್ದಾರೆ, ದಾರಿಯಲ್ಲೇ ಫಿಟ್ಸ್. ಜೀಪು ಪಕ್ಕಕ್ಕೆ ನಿಲ್ಲಿಸಿದ್ದಾರೆ. ಇಂಜೆಕ್ಷನ್ ಬ್ಯಾಗಿನಲ್ಲಿದೆ. “ಮೈ ಹ್ಯಾಂಡ್ಸ್… ಅಮ್ಮಾ, ಐ ಕಾಂಟ್ ಥಿಂಕ್.”

ನನಗೂ ಡೋಸ್ ನೆನಪಿಗೆ ಬರಲಿಲ್ಲ.

ಇವರು ಬಂದು ಫೋನ್ ಎತ್ತಿಕೊಂಡರು.

“ಇಂಚರಾ, ಅಪ್ಪ ಕಣೆ. ಮೊದಲು ಅವಳನ್ನ ಎಡಮಗ್ಗುಲಿಗೆ ತಿರುಗಿಸು. ಉಸಿರಾಡ್ತಿದಾಳಾ? ಸರಿ. ಆತುರ ಬೇಡ, ನಾನಿದೀನಿ.”

ಥಿಯೇಟರಿನ ದನಿ. ಎಷ್ಟು, ಎಲ್ಲಿ, ಹೇಗೆ ಅಂತ ಹೇಳಿದರು. ವಾಪಸ್ ಹೇಳಿಸಿದರು. ಅವಳು ಹೇಳಿದಳು. ಜೀಪು ಹೊರಟ ಸದ್ದು… ಲೈನ್ ಹೋಯಿತು.

ಇನ್ನೂ ನಿಂತೇ ಇದ್ದಾರೆ, ಫೋನ್ ಹಿಡಿದು.

ಜೂನ್ 15, ಭಾನುವಾರ

ಸಿಸೇರಿಯನ್. ಗಂಡು ಮಗು, ಅಂಗೈಯಷ್ಟು, ಉಸಿರಾಡುತ್ತಿದೆ. ಆಮಿನಾ ಬೆಳಿಗ್ಗೆ ಕಣ್ಣು ಬಿಟ್ಟಳು. ಜೀಪು ಓಡಿಸಿದವರು ಪಾಸ್ಟರ್, ದಾರಿಯುದ್ದಕ್ಕೂ ಗಟ್ಟಿಯಾಗಿ ಪ್ರಾರ್ಥಿಸುತ್ತ. ಹಿಂದಿನ ಸೀಟಿನಲ್ಲಿ ಆಮಿನಾಳ ಅತ್ತೆ ತನ್ನ ದುವಾ ಹೇಳುತ್ತ. ನಿಲ್ಲಿಸಿ ಅಂತ ಒಬ್ಬರಿಗೊಬ್ಬರು ಅನ್ನಲಿಲ್ಲವಂತೆ.

ಮೆಸೇಜ್ ಓದಿ ಇವರು ಅಡುಗೆಮನೆಗೆ ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು.

ಜುಲೈ 6, ಭಾನುವಾರ

ಇಂಚರಾ ಇನ್ನೊಂದು ವರ್ಷ ಅಲ್ಲೇ ಇರುತ್ತಾಳೆ. ಗುರುವಾರ ಈಗ ಮೊದಲು ಮಾತ್ರೆ, ಹಾಗೇ ಉಳಿಯಿತು. ಪಾಠಕ್ಕೆ ಜನ ಕಡಿಮೆ, ಆದರೆ ಬಂದವರು ಕೂರುತ್ತಾರೆ. ಅವಳೂ ಕೂರುತ್ತಾಳೆ, ಅವರ ನಡುವೆ. ಈಗ ಇನ್ನೂ ಹೆಚ್ಚು ನಂಬುತ್ತೇನೆ ಅಮ್ಮಾ ಅಂದಳು. ನಾನು ಹೋಗಿ ಮಾತಾಡಿ ಬಂದದ್ದಕ್ಕೆ ಸಿಕ್ಕ ಫಲ ಇದು.

ಇವರು ಈಗ ವಾರವಾರ ಮಾತಾಡುತ್ತಾರೆ. ಆಕ್ಸಿಜನ್, ಬಿಪಿ, ಮಗುವಿನ ತೂಕ. ಚರ್ಚಿನ ವಿಷಯ ಒಂದಕ್ಷರ ಇಲ್ಲ.

ಕೊನೆಗೆ ಫೋನ್ ನನಗೆ ಕೊಟ್ಟರು. “ಸಿಟ್ಟಾ, ಅಮ್ಮಾ?” ಅಂದಳು, ಕನ್ನಡದಲ್ಲೇ.

ಸಿಟ್ಟಿಲ್ಲ ಅಂದೆ. ಸುಳ್ಳಲ್ಲ. ಮತ್ತೇನು ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ, ನಿನ್ನ ಕೋಣೆಯ ಚಾದರ ಬದಲಿಸಿ ಎರಡು ತಿಂಗಳಾಯಿತು, ಹಾಸಿಗೆ ಖಾಲಿಯೇ ಇದೆ ಅನ್ನುತ್ತಿದ್ದೆ.