ಹೆಪ್ಪು, ಸೊಪ್ಪು, ತಪ್ಪು

೩೦ ಫೆಬ್ರವರಿ ೨೨೩೧
ಮಳವಳ್ಳಿ ಮಹಾವಲಯ

ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕುಳಿತಿರುವ ಮಹನೀಯರೇ, ಗಂಡಂದಿರ ಮಾತ್ರೆ ಎಣಿಸುತ್ತಿರುವ ಮಹಿಳೆಯರೇ, ನಲವತ್ತು ದಾಟಿದರೂ ಆಟದ ಚಡ್ಡಿ ಬಿಡದ ಚಿರಂಜೀವಿಗಳೇ, ಇನ್ನೂರು ವರ್ಷ ಹಿಂದಿನ ಸಮಸ್ತ ಪೂರ್ವಜ ಮಹಾಸಭೆಗೆ ನನ್ನ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಎಂಬುದು ಬಾಯಿಮಾತು ಮಾತ್ರ. ನಮ್ಮಲ್ಲಿ ನೆಲಕ್ಕೆ ಬೀಳುವುದು ಅಪರಾಧ.

ದಿನಾಂಕ ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೂವತ್ತನೆಯ ದಿನವನ್ನು ನಮ್ಮ ಸರ್ಕಾರ ಸೇರಿಸಿದೆ. ಅದರ ಹೆಸರು ಸುಮ್ಮನಿರುವ ದಿನ. ಆ ದಿನ ಯಾರೂ ಏನೂ ಮಾಡುವಂತಿಲ್ಲ, ಆದ್ದರಿಂದ ಯಾರಿಗೂ ಏನೂ ಆಗುವುದಿಲ್ಲ. ನಾನು ಕದ್ದು ಬರೆಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಮ್ಮ ಕಾಲದ ಕಬಡ್ಡಿ ಆಟಗಾರ ಶಿವನಂಜುವಿನ ಮರಿಮೊಮ್ಮಗಳ ಮರಿಮೊಮ್ಮಗಳು.

ನಮ್ಮ ದಿನಚರಿ ಹೀಗಿದೆ. ಎದ್ದ ಕೂಡಲೇ ಮೆತ್ತಂಗಿ ತೊಡುತ್ತೇವೆ. ಕುತ್ತಿಗೆಯಿಂದ ಪಾದದವರೆಗೆ ಗಾಳಿ ತುಂಬಿದ ಅಂಗಿ ಅದು. ಇಬ್ಬರು ತಾಗಿದರೆ ಇಬ್ಬರೂ ಹಿಂದಕ್ಕೆ ಪುಟಿಯುತ್ತಾರೆ. ಹಾಗಾಗಿ ಅಪ್ಪುಗೆ ಎಂದರೆ ದೂರದಿಂದ ಕೈ ಬೀಸುವುದು. ಮಣಿಕಟ್ಟಿನಲ್ಲಿ ಎಚ್ಚರಕ ಎಂಬ ಯಂತ್ರವಿರುತ್ತದೆ. ಮೆಟ್ಟಿಲು ಕಂಡರೆ ಬಯ್ಯುತ್ತದೆ, ಮುದ್ದೆ ಕಂಡರೂ ಬಯ್ಯುತ್ತದೆ, ಗಂಟಲಿಗೆ ಸಿಕ್ಕೀತಂತೆ. ಮುದ್ದೆಯನ್ನು ಈಗ ನೀರು ಮಾಡಿ ಕೊಳವೆಯಲ್ಲಿ ಹೀರುತ್ತೇವೆ. ಕಬಡ್ಡಿಯೂ ಇದೆ. ಒಂದು ತಂಡ ಒಂದೂರಿನಲ್ಲಿ, ಇನ್ನೊಂದು ತಂಡ ಇನ್ನೊಂದೂರಿನಲ್ಲಿ ಕುಳಿತು ಕಬಡ್ಡಿ ಕಬಡ್ಡಿ ಎನ್ನುತ್ತವೆ. ಯಾರ ದನಿ ಇಂಪೋ ಅವರು ಗೆದ್ದಂತೆ. ಗಾಯ ಎಂದರೇನೆಂದು ಮಗಳು ಕೇಳಿದಾಗ ಗಾಯಶಾಲೆಗೆ ಕರೆದೊಯ್ದೆ. ಅಲ್ಲಿ ಗಾಜಿನೊಳಗೆ ತರಚಿದ ಮೊಣಕಾಲಿನ ಚಿತ್ರವಿದೆ. ಅವಳು ಮುಟ್ಟಲು ಕೈಚಾಚಿದಳು. ಎಚ್ಚರಕ ಬಯ್ದಿತು. ನೂರ ನಲವತ್ತು ವರ್ಷ ಬದುಕುತ್ತೇವೆ ನಾವು. ಎಲ್ಲರೂ ಬದುಕುತ್ತೇವೆ, ಒಬ್ಬರೂ ಬೆವರುವುದಿಲ್ಲ.

ಅದಕ್ಕೇ ನಮ್ಮಜ್ಜನನ್ನು ಗುಟ್ಟಾಗಿ ಪೂಜಿಸುತ್ತೇವೆ. ಎಳೆತನದ ಜ್ವರವೊಂದು ಅವನ ಹೃದಯದ ಕವಾಟ ಕೆಡಿಸಿತ್ತು. ನಲವತ್ತೊಂದನೆಯ ವಯಸ್ಸಿಗೆ ಲೋಹದ ಕವಾಟ ಕೂಡಿಸಿದರು. ಮನೆ ನಿಶ್ಶಬ್ದವಾದಾಗ ಅವನ ಎದೆ ಗೋಡೆ ಗಡಿಯಾರದ ಜೊತೆ ಜುಗಲ್‌ಬಂದಿ ನಡೆಸುತ್ತಿತ್ತು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ಮಾತ್ರೆ, ಬದುಕಿರುವ ತನಕ. ಡಾಕ್ಟರಮ್ಮ ಎರಡು ಮಾತು ಹೇಳಿದ್ದರು. ಒಂದು, ನಡೆಯಿರಿ, ಈಜಿರಿ, ಕಬಡ್ಡಿ ಮಾತ್ರ ಬೇಡ. ತಲೆಗೆ ಏಟು ಬಿದ್ದರೆ ಹೊರಗೆ ಏನೂ ಕಾಣದಿದ್ದರೂ ತಕ್ಷಣ ಬನ್ನಿ. ಎರಡು, ಸೊಪ್ಪು ಮಾತ್ರೆಯ ಬಲ ತಗ್ಗಿಸುತ್ತದೆ, ಆದ್ದರಿಂದ ದಿನವೂ ಒಂದೇ ಅಳತೆಯಲ್ಲಿ ತಿನ್ನಿ.

ಅಜ್ಜನ ಹೆಂಡತಿ ಚಂದ್ರಕಲಾ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದವಳು. ಡಾಕ್ಟರಮ್ಮ ಅರ್ಧ ಗಂಟೆ ಹೇಳಿದ್ದನ್ನು ಅವಳು ಹೆಪ್ಪು ಹಾಕುತ್ತಲೇ ಹೇಳಿ ಮುಗಿಸಿದಳು.

"ರೀ, ಮೊಸ್ರು ಚೆಲ್ಲುದ್ರೆ ಬಿದ್ದ ಕಡೆ ಕೂತಿರ್ತದೆ. ಹಾಲು ಚೆಲ್ಲುದ್ರೆ ಮನೆಯೆಲ್ಲಾ ಓಡ್ತದೆ. ನೀವೀಗ ಹಾಲು."

ಈ ಮಾತು ಹೇಗೋ ಮೈದಾನ ತಲುಪಿತು. ಕ್ಯಾಪ್ಟನ್ ಪುಟ್ಟಮಾದು ಅಂದಿನಿಂದ ಅಜ್ಜನನ್ನು ಹಾಲಣ್ಣ ಎಂದೇ ಕರೆದ. "ಹಾಲಣ್ಣ, ಬಿಸಿಲಲ್ಲಿ ನಿಂತ್ಕೋಬೇಡ ಕಣಣ್ಣ, ಒಡೆದೋಯ್ತೀಯ" ಎಂದಾಗ ತಂಡವೇ ನಕ್ಕಿತು. ಐದು ವರ್ಷ ಅಜ್ಜ ಗೆರೆಯ ಹೊರಗೆ ನಿಂತು ಸೀಟಿ ಊದಿದ, ಬೇರೆಯವರ ಬೆವರು ನೋಡಿದ.

ಅಜ್ಜ ಕನ್ನಡದಲ್ಲಿ ಬಿ.ಎ. ಮಾಡಿದವನು, ಪ್ರಾಸ ಕೂಡಿದರೆ ಅರ್ಥ ತಾನಾಗಿ ಕೂಡುತ್ತದೆಂದು ನಂಬಿದವನು. ಡಾಕ್ಟರಮ್ಮನ ಎರಡನೆಯ ಮಾತು ಅವನ ಕಿವಿಯಲ್ಲಿ ಪದ್ಯವಾಗಿತ್ತು. ಸೊಪ್ಪಿನಿಂದ ಹೆಪ್ಪು, ಇದರಲ್ಲೇನು ತಪ್ಪು? ನಲವತ್ತು ಮೀರಿದವರ ಫೈನಲ್‌ಗೆ ಮೂರು ದಿನ ಮೊದಲಿನಿಂದ ಬಸ್ಸಾರು ಕೇಳಿ ಮಾಡಿಸಿಕೊಂಡ, ಪಲ್ಯವನ್ನೂ ಬಿಡಲಿಲ್ಲ. ಸೊಪ್ಪು ಕಂಡರೆ ಮುಖ ಸಿಂಡರಿಸುತ್ತಿದ್ದ ಗಂಡ ಈಗಲಾದರೂ ದಾರಿಗೆ ಬಂದನೆಂದು ಚಂದ್ರಕಲಾ ಒಂದು ಸೌಟು ಹೆಚ್ಚೇ ಬಡಿಸಿದಳು.

ಪಂದ್ಯದಲ್ಲಿ ಅಜ್ಜನ ತಂಡದ ಒಬ್ಬನ ಕಾಲು ಉಳುಕಿತು. ಅಜ್ಜ ಸೀಟಿಯನ್ನು ಪುಟ್ಟಮಾದುವಿನ ಕೈಗಿಟ್ಟು ಅಂಗಿ ಬಿಚ್ಚಿದ. ಎದೆಯ ಉದ್ದದ ಹೊಲಿಗೆ ನೋಡಿ ಎದುರು ತಂಡದ ನಗು ನಿಂತಿತು. ಅಂಕ ಸಮಸಮ, ಕೊನೆಯ ರೈಡ್. ಬಂದವನು ಎಮ್ಮೆಯಂಥವನು. ಅಜ್ಜ ಅವನ ಹಿಮ್ಮಡಿ ಹಿಡಿದ. ಅವನ ಮೊಣಕಾಲು ಅಜ್ಜನ ಬಲಗಿವಿಯ ಮೇಲೆ ಬಡಿಯಿತು. ಅಜ್ಜ ಹಿಡಿತ ಬಿಡಲಿಲ್ಲ. ಪಾಯಿಂಟ್. ಮಣ್ಣಿನಲ್ಲಿ ಬಿದ್ದವನನ್ನು ಎತ್ತಿ ಕುಣಿದರು. ಒಂದು ಹನಿ ರಕ್ತ ಹೊರಗೆ ಬರಲಿಲ್ಲ. ಸೊಪ್ಪು ಗೆದ್ದಿತು.

ಆದ್ದರಿಂದ ಪೂರ್ವಜರೇ, ಕೇಳಿಕೊಳ್ಳುತ್ತೇನೆ, ಎಚ್ಚರಿಸುತ್ತಲೂ ಇದ್ದೇನೆ. ಇಂಥವರನ್ನು ಗೆರೆಯ ಹೊರಗೆ ನಿಲ್ಲಿಸಬೇಡಿ. ಒಬ್ಬನಿಗೆ ಸೀಟಿ ಕೊಟ್ಟು ಕೂರಿಸಿದರೆ, ಇನ್ನೂರು ವರ್ಷದಲ್ಲಿ ಎಲ್ಲರ ಕೈಗೂ ಸೀಟಿ ಬರುತ್ತದೆ, ಮೈದಾನ ಖಾಲಿ. ಆಡಿದವರು ಬಾಡಲಿಲ್ಲ, ಬಾಡಿದವರು ಆಡಲಿಲ್ಲ. ನಮ್ಮಜ್ಜನನ್ನೇ ನೋಡಿ, ಆ ಏಟು ತಿಂದ ಮೇಲೂ ತೊಂಬತ್ತೆರಡು ವರ್ಷ ಬಾಳಿ

ಚಂದ್ರಾ, ಈ ಸಾಲು ಮುಗಿಸಲಾಗುತ್ತಿಲ್ಲ. ಅಕ್ಷರಗಳು ಎರಡೆರಡು ಕಾಣುತ್ತಿವೆ.

ಮೊಮ್ಮಗಳೂ ಇಲ್ಲ, ಮಹಾವಲಯವೂ ಇಲ್ಲ. ನಿನ್ನೆ ಸೀಟಿ ಊದಲು ಹೋದವನು ಆಡಿದೆ. ಇದನ್ನು ಬಹುಮಾನದ ಸಭೆಯಲ್ಲಿ ಓದೋಣ, ನೀನು ನಕ್ಕ ಹೊತ್ತಿನಲ್ಲಿ ನಿಜ ಹೇಳೋಣ ಎಂದು ಬೆಳಿಗ್ಗೆ ಬರೆಯಲು ಕುಳಿತೆ. ಎದ್ದಾಗ ಸಣ್ಣಗಿದ್ದ ತಲೆನೋವು ಈಗ ಸಣ್ಣಗಿಲ್ಲ. ಒಳಗೆ ಹಾಲು ಓಡುತ್ತಿದೆಯೋ ಏನೋ. ಸೊಪ್ಪಿನ ಉಪಾಯ ನನ್ನದು, ನಿನ್ನ ಸೌಟಿನದಲ್ಲ. ಹಿತ್ತಲಲ್ಲಿರುವ ನಿನ್ನ ಕೈಗೆ ಈ ಹಾಳೆ ಕೊಡಲು ಎದ್ದು ಬರುತ್ತಿದ್ದೇನೆ. ಮೊದಲು ಆಟೋ ಕರೆ. ಆಸ್ಪತ್ರೆಯವರೆಗೂ ಬಯ್ಯುತ್ತಾ ಬಾ, ತಲೆ ತಗ್ಗಿಸಿ ಕೇಳುತ್ತೇನೆ.

ಆ ಪಾಯಿಂಟ್ ಮಾತ್ರ ನಮ್ಮದೇ.