ಲಂಡನ್ ಹತ್ರ, ಇಂಡಿ ದೂರ

ಇಂಡಿ, ೧೨-೨-೧೯೭೫, ಬುಧವಾರ

ತಾಳಿಕೋಟಿಯಿಂದ ಈಗ ಬಂದೆ. ಅವ್ವನ ಮುಖ ಸಿಗಲಿಲ್ಲ. ನಾ ಮುಟ್ಟೂದ್ರಾಗ ಮಣ್ಣು ಮಾಡಿ ಮುಗಿಸಿದ್ರು.

ಲಂಡನ್ನಿನ್ಯಾಗ ಡಾಕ್ಟರ್ ಆಗಿರೋ ತಮ್ಮ ಅಮೋಘಸಿದ್ಧ ನನಗಿಂತ ಮೊದಲ ಬಂದಿದ್ದ. ಅವ್ವನ ಬಾಯಾಗ ಕಡೀ ನೀರು ಬಿಟ್ಟಾಂವನೂ ಅವನ. ಅಂಗಳದಾಗ ಮಂದಿ ಅವನ ಸುತ್ತ ಕುಂತು ವಿಮಾನದ ಸುದ್ದಿ ಕೇಳಾಕತ್ತಿದ್ರು.

"ಮುಂಬೈತನಕಾ ನಾಕೂವರಿ ಸಾವಿರ ಮೈಲಿ. ಹತ್ತು ತಾಸಿನ್ಯಾಗ ಬಂದ್ವಿ," ಅಂದ. ಆಮ್ಯಾಲೆ ನನ್ನ ಕಡೆ ತಿರುಗಿ, "ಇಂಡಿಯಿಂದ ಬರಾಕ ಇಷ್ಟ್ಯಾಕ ತಡಾ ಆತಕ್ಕಾ?"

ಅವಗ ವಾರದ ಹಿಂದನ ತಾರು ಹೊಡೆದಿದ್ರಂತ. ನನಗ ಅವ್ವ ಸತ್ತ ಮ್ಯಾಲೆ ಬಸ್ಸಿನ ಕಂಡಕ್ಟರನ ಕೂಡ ಹೇಳಿ ಕಳಿಸಿದ್ರು.

"ಕಾಕಾ, ಇಂಡಿಗೆ ತಾರು ಬರೂದಿಲ್ಲೇನ್ರಿ?" ಅಂತ ರಾವಸಾಬ ಕಾಕಾನ್ನ ಕೇಳಿದೆ.

"ನೀ ಇಲ್ಲೇ ಹತ್ರ ಅದೀ ಅಂತ ಬಿಟ್ವಿ, ಯವ್ವಾ. ಮೊದಲ ಬಂದಿದ್ರೂ ಏನ್ ಮಾಡ್ತಿದ್ದಿ? ಅಳ್ತಿದ್ದಿ."

ಹೌದು, ಅಳ್ತಿದ್ದೆ. ಅವ್ವನ ಕಿವಿಗೆ ಬೀಳೂ ಹಂಗ ಅಳ್ತಿದ್ದೆ. ಇದನ್ನ ಅಲ್ಲೇ ಅನಬೇಕಂದೆ. ಅಷ್ಟ್ರಾಗ ಒಳಗಿಂದ ಕರೆದ್ರು, ಬಂದ ಮಂದಿಗೆ ಚಾ ಮಾಡಬೇಕಿತ್ತು. ಹೋಗಿ ಮಾಡಿದೆ. ತಮ್ಮನ ಕಪ್ಪಿಗೆ ಸಕ್ಕರಿ ಕಮ್ಮಿ ಹಾಕಂದ್ರು, ಹಂಗ ಹಾಕಿದೆ.

ಈಗ ಮನ್ಯಾಗ ಒಬ್ಬಾಕಿನ ಅದೇನಿ. ಬೇಕಾದಷ್ಟು ಅಳಬಹುದು. ಕಣ್ಣೀರ ಬರವೊಲ್ಲವು. ಸಿಟ್ಟ ಅಷ್ಟ…