ವರಸೆಯಲ್ಲಿ ಮಾವ

ವಕ್ಕಲೇರಿ
12 ಜೂನ್ 2025

ಪ್ರೀತಿಯ ಅನಿತ,

ಶ್ರೀನಿವಾಸಪುರದಲ್ಲಿ ನೀನು, ಮಗಳು, ಮನೆಯವರೆಲ್ಲ ಹೇಗಿದ್ದೀರಿ? ಹೆರಿಗೆಯಾಗಿ ತಿಂಗಳಾದರೂ ಒಂದು ಮಾತು ಕೇಳಲಿಲ್ಲವೆಂದು ನನ್ನನ್ನು ಬೈದುಕೊಂಡಿರುತ್ತೀಯ. ಬೈದುಕೋ. ನನ್ನ ಫೋನು ಅಮ್ಮ ಕಿತ್ತಿಟ್ಟುಕೊಂಡಿದ್ದಾಳೆ. ಅದಕ್ಕೇ ಈ ಕಾಗದ. ಹೈಸ್ಕೂಲು ಬಿಟ್ಟ ಮೇಲೆ ಇಷ್ಟುದ್ದ ಬರೆದಿಲ್ಲ, ತಪ್ಪಿದ್ದರೆ ನಗಬೇಡ. ಕ್ಯಾಂಟೀನಿನ ಮುನಿಗಂಗಮ್ಮಕ್ಕ ನಿಮ್ಮೂರ ಕಡೆ ಬರುತ್ತಾಳೆ, ಅವಳ ಕೈಲಿ ಕೊಡುತ್ತೇನೆ.

ಕೊನೆಗೂ ನಮ್ಮ ಸೂಪರ್‌ವೈಸರ್ ಉಮೇಶನ ಮೇಲೆ ಕಂಪನಿಯ ಕಮಿಟಿಗೆ ದೂರು ಕೊಟ್ಟೆ. ಅವನು ಅಮ್ಮನಿಗೆ ದೂರದ ತಮ್ಮ, ಹೆಂಡತಿ ಸತ್ತ ಮೇಲೆ ಎಷ್ಟೋ ಸಲ ನಮ್ಮನೆಯಲ್ಲೇ ಉಂಡವನು ಎಂದು ನಿನಗೆ ಗೊತ್ತು. ನಾನು ನರಸಾಪುರದ ಫ್ಯಾಕ್ಟರಿಗೆ ಕೆಲಸಕ್ಕೆ ಹೊರಟ ದಿನ ಅಮ್ಮನೇ ಹೇಳಿಕೊಟ್ಟಿದ್ದಳು: ‘ಸಾರು ಗೀರು ಅನ್ಬೇಡ ಕಣೇ, ಮಾವ ಅನ್ನು. ಚೆನ್ನಾಗಿ ನೋಡ್ಕೋತಾನೆ.’ ನೋಡಿಕೊಂಡ. ವೈರು ಕಟ್ಟುತ್ತ ಎರಡೂ ಕೈ ತುಂಬಿರುವಾಗ ಹಿಂದಿನಿಂದ ಬಂದು ‘ಏಮೇ ಕೋಡಲಾ’ ಎಂದು ಸೊಂಟ ಹಿಡಿಯುತ್ತಿದ್ದ. ನಾನು ಸೊಸೆಯಂತೆ, ಅದು ಸರಸವಂತೆ. ಲೈನೆಲ್ಲ ನಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವನು ನನ್ನನ್ನು ಸ್ಟೋರ್ ರೂಮಿಗೆ ಎಳೆದು ಬಾಗಿಲು ಹಾಕಿದ ದಿನ ನೋಡಿದವಳು ಲೈನಿನಲ್ಲಿ ನನ್ನ ಪಕ್ಕದಲ್ಲಿದ್ದ ನೀನೊಬ್ಬಳೇ. ನೀನು ಬಾಗಿಲು ಬಡಿಯದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಈಗಲೂ ಭಯವಾಗುತ್ತದೆ.

ಕಮಿಟಿಯಲ್ಲಿ ಎಚ್‌ಆರ್‌ನ ರಮಾದೇವಿ ಮೇಡಂ ಇದ್ದರು. ಒಳ್ಳೆಯ ಮಾತಿನಿಂದಲೇ ಕೂರಿಸಿ ನೀರು ಕೊಟ್ಟರು. ಆಮೇಲೆ ಕೇಳಿದರು, ‘ಅವರನ್ನ ನೀನು ಏನಂತ ಕರೀತೀಯಮ್ಮ?’

‘ಮಾವ ಅಂತ ಮೇಡಂ.’

ಉಮೇಶ ಅದಕ್ಕೇ ಕಾದಿದ್ದ. ‘ವರಸೇಲಿ ನಾನು ಮಾವನೇ ಆಗ್ಬೇಕು ಮೇಡಂ. ಅಕ್ಕನ ಮಗಳನ್ನ ರೇಗಿಸೋದು ನಮ್ ಕಡೆ ತಪ್ಪಲ್ಲ.’

ಎಲ್ಲರ ಮುಖದ ಬಿಗಿ ಸಡಿಲಿತು. ‘ಹಂಗಾದ್ರೆ ಇದು ಮನೆ ವಿಷಯ’ ಎಂದರು ಒಬ್ಬರು. ನನಗೆ ಮೈಯೆಲ್ಲ ಉರಿಯಿತು.

‘ಮಾವ ಅಂದಿದ್ದು ನಿಜ ಮೇಡಂ. ಬೇಡ ಅಂದಿದ್ದೂ ನಿಜ’ ಎಂದೆ.

‘ಬೇಡ ಅಂದಿದ್ದು ಯಾರಾದ್ರೂ ಕೇಳಿದಾರಾ?’

ನಿನ್ನ ಹೆಸರು ಹೇಳಿದೆ. ಸೋಮವಾರ ಕೊನೆಯ ವಿಚಾರಣೆ. ಬಾಣಂತಿಯನ್ನು ಬಾ ಎನ್ನಬಾರದು, ಗೊತ್ತು. ಮೇಡಂಗೆ ಫೋನಾದರೂ ಮಾಡು, ಅವರ ನಂಬರು ಕಾಗದದ ಹಿಂದೆ ಬರೆದಿದ್ದೇನೆ. ನೀನೂ ಸುಮ್ಮನಿದ್ದರೆ ಅವರ ಪಾಲಿಗೆ ಉಳಿಯುವುದು ನಾನಂದ ‘ಮಾವ’ ಒಂದೇ.

ಮಗುವಿಗೆ ದೃಷ್ಟಿ ತೆಗಿ. ಕುರುಡುಮಲೆ ಗಣಪ ಅವಳನ್ನು ಕಾಯಲಿ. ಮಾತು ಬಂದ ಮೇಲೆ ಯಾರನ್ನು ಏನೆಂದು ಕರೆಯಬೇಕೋ ಅವಳೇ ನೋಡಿಕೊಳ್ಳಲಿ, ನೀನು ಹೇಳಿಕೊಡಬೇಡ.

ನಿನ್ನ
ಮುನಿಲಕ್ಷ್ಮಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಾನು ದೂರು ವಾಪಸ್ ತೆಗೆದುಕೊಳ್ಳಲಿ, ಎರಡೂ ಮನೆಯ ಮಾನ ಉಳಿಯಲಿ ಎಂದು ಊರಿನ ಹಿರಿಯರು ಚನ್ನರಾಯಪ್ಪನವರು ದಾರಿ ಹುಡುಕಿದ್ದಾರೆ. ‘ವರಸೆ ಕೂಡ್ತದೆ, ಅವನಿಗೇ ಕೊಟ್ಟುಬಿಡಿ’ ಎಂದರಂತೆ. ಭಾನುವಾರ ಹೆಣ್ಣು ಕೇಳಲು ಬರುತ್ತಾರೆ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಆದರೆ ಅನಿತ, ಮೊನ್ನೆವರೆಗೂ ಅವನನ್ನು ‘ತಮ್ಮಯ್ಯ’ ಎನ್ನುತ್ತಿದ್ದ ಅಮ್ಮ ಇವತ್ತು ನನ್ನ ಫೋನಿನಿಂದಲೇ ಅವನಿಗೆ ಮಾಡಿ, ‘ಊಟಕ್ಕೆ ಎಷ್ಟು ಜನ ಬರ್ತೀರಾ ಅಳಿಯಂದ್ರೇ?’ ಎಂದು ಕೇಳಿದಳು.